ಬಾಯಿಬಿಟ್ಟು ಬೇಡ ಎನ್ನದ ಸಾಹೇಬರು

ಸಾಹೇಬರು ಊರಿನಲ್ಲಿ ತೀರಿಕೊಂಡ ಸುದ್ದಿ ಸೌದಿಯ ಬುರೈದಾ ಮುಟ್ಟಿದಾಗ ಖರ್ಜೂರದ ಪೇಟೆಯಲ್ಲಿ ಬೆಳಗಿನ ಹರಾಜು ನಡೆಯುತ್ತಿತ್ತು. ಅವರ ಸಂಬಂಧಿಕರೊಬ್ಬರು ಫೋನನ್ನು ಎದೆಗೆ ಒತ್ತಿಕೊಂಡು ಬಂದು ದಲ್ಲಾಳಿಗೆ ವಿಷಯ ತಿಳಿಸಿದರು. ಪೆಟ್ಟಿಗೆಗಳ ಮೇಲೆ ನಿಂತಿದ್ದ ದಲ್ಲಾಳಿ ಬೆಲೆ ಕೂಗುವುದನ್ನು ನಿಲ್ಲಿಸಿದ. ಪ್ರಾರ್ಥನೆಯ ಒಂದು ಸಾಲು ಹೇಳಿ ಗಡ್ಡ ಸವರಿಕೊಂಡ. ಆಮೇಲೆ ಬಿಟ್ಟಲ್ಲಿಂದಲೇ ಮತ್ತೆ ಕೂಗತೊಡಗಿದ. ಸಾಹೇಬರು ಇದ್ದಿದ್ದರೆ ಅವರೂ ಹಾಗೇ ಮಾಡು ಎನ್ನುತ್ತಿದ್ದರು. ಬಿಸಿಲೇರಿದ ಮೇಲೆ ಸುಕ್ಕರಿ ಖರ್ಜೂರ ಬೆವರುತ್ತದೆ, ಅಷ್ಟರೊಳಗೆ ಮಾಲು ಗಾಡಿ ಹತ್ತಿರಬೇಕು ಎಂಬುದು ಅವರ ಲೆಕ್ಕ.

ಮರುದಿನ ಊರಿನ ಪತ್ರಿಕೆಯಲ್ಲಿ ‘ಗಲ್ಫ್ ಉದ್ಯಮಿ, ಪುರಸಭೆಯ ಮಾಜಿ ಸದಸ್ಯ’ ಎಂದು ಬಂತು. ಬುರೈದಾದ ಸಾಗಣೆ ಕಂಪೆನಿಯೊಂದರ ಕಚೇರಿ ಸೇರುವ ಮೊದಲು ನಾನು ಮಂಗಳೂರಿನ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಕುಳಿತು ಇಂಥ ಸುದ್ದಿಗಳನ್ನು ತಿದ್ದುತ್ತಿದ್ದೆ. ಅದರಲ್ಲಿ ತಿದ್ದುವಂಥದ್ದೇನೂ ಇಲ್ಲ. ಆದರೆ ಆ ಎರಡು ವಿಶೇಷಣಗಳ ನಡುವೆ ಇರುವ ಅಲ್ಪವಿರಾಮದಲ್ಲಿ ಆ ಮನುಷ್ಯ ವರ್ಷಗಟ್ಟಲೆ ಶತಪಥ ಹಾಕಿದ್ದನ್ನು ನಾನು ಕಂಡಿದ್ದೇನೆ.

ಶತಪಥ ಎಂದದ್ದು ಅಲಂಕಾರಕ್ಕಲ್ಲ. ಅವರು ನಿಂತೇ ಚಹಾ ಕುಡಿಯುತ್ತಿದ್ದರು, ನಡೆಯುತ್ತಲೇ ವ್ಯಾಪಾರ ಮಾಡುತ್ತಿದ್ದರು. ಪೇಟೆಯ ಹಿಂದಿನ ರಸ್ತೆಯಲ್ಲಿದ್ದ ಅವರ ಅಂಗಡಿ ಉದ್ದನೆಯ ಗೋದಾಮಿನಂತಿತ್ತು. ಬಾಗಿಲಿನಿಂದ ಹಿಂದಿನ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಅವರ ಓಡಾಟ. ಅವರೊಡನೆ ಮಾತಾಡಬೇಕಾದವನು ಜೊತೆಗೆ ನಡೆಯಬೇಕು. ಅರ್ಧ ಕುಡಿದ ಸುಲೈಮಾನಿ ಚಹಾದ ಲೋಟಗಳು ಕಪಾಟಿನ ಮೇಲೆ, ತಕ್ಕಡಿಯ ಪಕ್ಕ, ಕಿಟಕಿಯ ಅಂಚಿನಲ್ಲಿ ಉಳಿದಿರುತ್ತಿದ್ದವು. ಪೆಟ್ಟಿಗೆ ಕಂಡರೆ ಮೇಲಿನ ಹಣ್ಣು ನೋಡುತ್ತಿರಲಿಲ್ಲ. ಅಂಗಿಯ ತೋಳು ಮಡಚಿ ಕೈಯನ್ನು ತಳಕ್ಕಿಳಿಸಿ ಒಂದು ಖರ್ಜೂರ ತೆಗೆದು ಬಾಯಿಗೆ ಹಾಕುತ್ತಿದ್ದರು. ಬೀಜ ಉಗುಳುವಷ್ಟರಲ್ಲಿ ತೀರ್ಮಾನವಾಗಿರುತ್ತಿತ್ತು.

ಭಟ್ಕಳದ ಕಡೆಯ ನವಾಯತ ಕುಟುಂಬ ಅವರದು. ಮೀಸೆ ಮೂಡುವ ವಯಸ್ಸಿನಲ್ಲಿ ಇಲ್ಲಿದ್ದ ಸೋದರಮಾವನ ಬಟ್ಟೆ ಅಂಗಡಿಗೆ ಬಂದವರು, ಬಟ್ಟೆ ಬಿಟ್ಟು ಖರ್ಜೂರಕ್ಕೆ ಇಳಿದರು. ಅವರ ವೀಸಾ, ಅಂಗಡಿ ಎರಡೂ ಕಫೀಲನ, ಅಂದರೆ ಸ್ಥಳೀಯ ಪ್ರಾಯೋಜಕನ, ಹೆಸರಿನಲ್ಲಿದ್ದವು. ಖರ್ಜೂರದ ತೋಟಗಳಿದ್ದ ಆ ಮುದುಕ ಸಾಹೇಬರನ್ನು ಮಗನಂತೆ ನೋಡಿಕೊಂಡ. ಆ ಮುದುಕನ ನಿಜವಾದ ಮಗ ಪಾಲುದಾರನಂತೆ ನೋಡಿದ. ಈ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ.

ನನಗೆ ಹರಾಜು ನೋಡಲು ಕಲಿಸಿದವರು ಅವರೇ. ಮೊದಲ ಸಲ ಹೋದಾಗ ನನಗೆ ದಲ್ಲಾಳಿಯ ಕೂಗು ಬಿಟ್ಟರೆ ಏನೂ ಕಾಣಲಿಲ್ಲ. ಕೊಳ್ಳುವವರು ಸುಮ್ಮನೆ ನಿಂತಿದ್ದರು. ಒಬ್ಬನ ಹುಬ್ಬು ಏರುತ್ತಿತ್ತು, ಇನ್ನೊಬ್ಬನ ಬೆರಳು ಜಪಮಾಲೆಯ ಮೇಲೆ ನಿಲ್ಲುತ್ತಿತ್ತು. ಅಷ್ಟರಲ್ಲೇ ಬೆಲೆ ಮೇಲೇರುತ್ತಿತ್ತು. ಸಾಹೇಬರು ಒಂದು ಲಾಟು ಹರಾಜಿಗೆ ಬಂದಾಗ ಮುಖ ತಿರುಗಿಸಿ ಆಕಾಶ ನೋಡತೊಡಗಿದರು.

“ಎಂತಾಯ್ತು?” ಎಂದು ಕೇಳಿದೆ.

“ಬೇಡ ಅಂದೆ.”

“ಯಾವಾಗ ಅಂದ್ರಿ?”

“ಈಗ ಅಂದದ್ದಲ್ವಾ ಮಾರಾಯ್ರೆ, ನೀವು ನೋಡ್ತಾ ಇದ್ರಿ.” ಅವರು ದನಿ ತಗ್ಗಿಸಿದರು. “ಆ ಮೂಲೆಯಲ್ಲಿ ನಿಂತವನು ರೈತ. ವರ್ಷವಿಡೀ ನೀರು ಹೊಯ್ದು ಬೆಳೆಸಿದ್ದಾನೆ. ಅವನ ಎದುರು ಬಾಯಿಬಿಟ್ಟು ಬೇಡ ಅಂದ್ರೆ ನಿನ್ನ ಮಾಲು ಹಾಳು ಅಂದ ಹಾಗೆ. ನಾಳೆ ನಿಮಗೆ ಬೇಕಾದಾಗ ಅವ ಮಾಲು ಕೊಡೂದಿಲ್ಲ. ಇಲ್ಲಿ ಸುಮ್ಮನಿದ್ದವನೇ ಮರ್ಯಾದಸ್ಥ. ಸುಮ್ಮನಿದ್ದವನ ತಲೆಗೆ ಯಾರೂ ಮಾಲು ಕಟ್ಟೂದಿಲ್ಲ.”

ಈ ನಿಯಮ ಅವರ ಮೈಯೊಳಗೆ ಎಷ್ಟು ಇಳಿದಿತ್ತೆಂದರೆ, ಅದು ಬುರೈದಾದ ಪೇಟೆಯೊಳಗೆ ಮಾತ್ರ ನಡೆಯುವ ನಾಣ್ಯ ಎಂಬುದು ಅವರಿಗೆ ಮರೆತೇ ಹೋಗಿತ್ತು.

ಒಮ್ಮೆ ತಂಗಿಯ ಮಗಳ ಮದುವೆಗೆಂದು ಊರಿಗೆ ಹೋದರು. ಪುರಸಭೆ ಚುನಾವಣೆ ಹತ್ತಿರವಿತ್ತು. ಮೊಹಲ್ಲಾದ ಹಿರಿಯರು ಸಭೆ ಸೇರಿ, ವಾರ್ಡಿಗೆ ಒಬ್ಬನನ್ನೇ ನಿಲ್ಲಿಸಿ ಅವಿರೋಧ ಗೆಲ್ಲಿಸುವ ಮಾತಾಡುತ್ತಿದ್ದರು. ಯಾರೋ ಸಾಹೇಬರ ಹೆಸರು ಹೇಳಿದರು. ಅಧ್ಯಕ್ಷತೆ ವಹಿಸಿದ್ದ ಹಿರಿಯರು, “ಏನಪ್ಪಾ, ಆಗ್ಬಹುದಾ?” ಎಂದು ಕೇಳಿದರು. ಸಾಹೇಬರು ಮುಖ ತಿರುಗಿಸಿ ಫ್ಯಾನು ನೋಡಿದರು. ಮತ್ತೆ ಕೇಳಿದರು. ಫ್ಯಾನು ನೋಡಿದರು. ಮೂರನೆಯ ಸಲದ ನಂತರ ಸಭೆಯೇ “ಮುಬಾರಕ್” ಎಂದಿತು, ಕೊರಳಿಗೆ ಹಾರ ಬಿತ್ತು.

“ನಾನು ಮೂರು ಸಲ ಬೇಡ ಅಂದೆ ಮಾರಾಯ್ರೆ!” ವಾಪಸು ಬಂದು ಅಂಗಡಿಯಲ್ಲಿ ಆಚೆ ಈಚೆ ನಡೆಯುತ್ತಾ ಹೇಳಿದರು. “ಬುರೈದಾದಲ್ಲಾಗಿದ್ರೆ ಆ ಮಾಲು ಬೇರೆಯವನ ಗಾಡಿ ಹತ್ತಿ ಹೋಗಿ ಆಗ್ತಿತ್ತು.”

“ಮನೆಯಲ್ಲಿ ಏನಂದ್ರು?”

“ನಮ್ಮ ಮನೆಯವ್ಳಾ? ನಿಕಾಹ್‌ನಲ್ಲಿ ಮದುಮಗಳನ್ನು ಕೇಳ್ತಾರಲ್ಲ, ಅವಳು ತಲೆ ತಗ್ಗಿಸಿ ಸುಮ್ಮನಿದ್ರೆ ಒಪ್ಪಿದಳು ಅಂತ. ‘ನೀವು ಮದುಮಗಳ ಹಾಗೆ ಕೂತ್ರೆ ಅವ್ರು ಹಾರ ಹಾಕದೆ ಇನ್ನೇನು ಮಾಡ್ತಾರೆ? ನಾನೂ ಹಾಗೇ ಕೂತು ನಿಮ್ಮ ಮನೆಗೆ ಬಂದದ್ದು’ ಅಂದಳು.”

ಹೇಳಿ ನಕ್ಕರು. ಆದರೆ ನಡಿಗೆ ನಿಲ್ಲಲಿಲ್ಲ.

ಇದಕ್ಕೆ ಇನ್ನೊಂದು ಪಾಠಾಂತರವೂ ಇದೆ. ದಮ್ಮಾಮಿನಲ್ಲಿರುವ ಅವರ ದೊಡ್ಡಪ್ಪನ ಮಗ ನನ್ನೊಡನೆ ನಗುತ್ತಾ, “ಸುಮ್ನಿರಿ. ಅವನಿಗೆ ಒಳಗೊಳಗೆ ಆಸೆ ಇತ್ತು. ಆಸೆ ಇಲ್ಲದವ ಸಭೆಗೆ ಹೊಸ ಜುಬ್ಬ ಹಾಕ್ಕೊಂಡು ಹೋಗ್ತಾನಾ?” ಎಂದಿದ್ದರು. ಜುಬ್ಬ ಮದುವೆಯದ್ದು ಎಂದು ಸಾಹೇಬರು ವಾದಿಸಿದರು. ಎರಡನ್ನೂ ಇಲ್ಲಿ ದಾಖಲಿಸಿದ್ದೇನೆ. ನನಗೆ ಗೊತ್ತಿರುವುದಿಷ್ಟೇ: ಒಲ್ಲೆನೆಂದು ಅವರು ಆಮೇಲೆಯೂ ಯಾರಿಗೂ ಹೇಳಲಿಲ್ಲ. ಅವಿರೋಧವಾಗಿ ಸದಸ್ಯರಾದರು.

ಅಲ್ಲಿಂದ ಅವರ ಬಳಿ ಎರಡು ಫೋನು. ಒಂದರಲ್ಲಿ ಖರ್ಜೂರ, ಇನ್ನೊಂದರಲ್ಲಿ ವಾರ್ಡು. ಎಡಗೈಯ ಫೋನಿನಲ್ಲಿ ಅರಬ್ಬಿಯಲ್ಲಿ ಬೆಲೆ ಚೌಕಾಶಿ ಮಾಡುತ್ತಲೇ ಬಲಗೈಯದ್ದಕ್ಕೆ, “ಬೀದಿ ದೀಪ ನಾಳೆ ಹಾಕಿಸ್ತೇನೆ, ಕಂಬದ ನಂಬರ್ ಹೇಳು” ಎನ್ನುತ್ತಿದ್ದರು. ಒಮ್ಮೆ ಎರಡೂ ಅದಲು ಬದಲಾಗಿ, ರಿಯಾದಿನ ಸಗಟು ವ್ಯಾಪಾರಿಯೊಬ್ಬ ತನಗೇಕೆ ಚರಂಡಿಯ ವಿಚಾರ ಎಂದು ಗಾಬರಿಬಿದ್ದಿದ್ದ. ಬುರೈದಾದ ನಮ್ಮವರು “ಮೆಂಬರ್ರೇ, ನಮ್ಮ ಕ್ಯಾಂಪಿಗೂ ಒಂದು ನಲ್ಲಿ ಹಾಕಿಸಿ” ಎಂದು ಕಿಚಾಯಿಸುತ್ತಿದ್ದರು.

ಸಭೆಗಳಿಗೆ ಅವರು ವಿಮಾನ ಹತ್ತಿ ಹೋಗಿ ಬರುತ್ತಿದ್ದರು. ಇಲ್ಲಿದ್ದಾಗ ಅಲ್ಲಿಗೆ, ಅಲ್ಲಿದ್ದಾಗ ಇಲ್ಲಿಗೆ ತುಡಿತ. ಊರಿನಿಂದ ಫೋನು ಮಾಡಿ ಮೊದಲು ಕೇಳುತ್ತಿದ್ದುದು ಪೇಟೆಯ ಸಮಾಚಾರ, ಇಲ್ಲಿ ಬಂದಿಳಿದು ಮೊದಲು ಹುಡುಕುತ್ತಿದ್ದುದು ಊರಿನ ಪತ್ರಿಕೆ. ನನ್ನನ್ನು ‘ಪೇಪರಿನವ್ರೇ’ ಎಂದೇ ಕರೆಯುತ್ತಿದ್ದ ಅವರು ಸಭೆಯ ಭಾಷಣ ತಿದ್ದಿಸಿಕೊಳ್ಳಲು ಬರುತ್ತಿದ್ದರು. ಅವರು ಬರೆದು ತಂದದ್ದರಲ್ಲಿ ‘ಸರ್ವತೋಮುಖ’, ‘ಕಟಿಬದ್ಧ’ ಮೊದಲಾದವು ತುಂಬಿರುತ್ತಿದ್ದವು. ನಾನು ಹೊಡೆದು ಹಾಕುತ್ತಿದ್ದೆ. “ಇಷ್ಟೇ ಉಳೀತಾ?” ಎಂದು ಕೇಳುತ್ತಿದ್ದರು. ಆ ಉಳಿದದ್ದನ್ನೂ ಅವರು ಸಭೆಯಲ್ಲಿ ಓದುತ್ತಿರಲಿಲ್ಲ ಎಂದು ನನಗೆ ತಿಳಿದದ್ದು ತಡವಾಗಿ.

ನಾಗಮ್ಮನ ಫೋನು ಬಂದ ದಿನ ನಾನು ಅಂಗಡಿಯಲ್ಲಿದ್ದೆ. ವಾರ್ಡಿನ ತುದಿಯಲ್ಲಿ ಸಮುದ್ರಕ್ಕೆ ಹತ್ತಿರ ಮೀನುಗಾರರ ಕೇರಿಯೊಂದಿದೆ. ಈಕೆ ಅಲ್ಲಿಯವಳು, ಮೀನು ಮಾರುವವಳು. ಪೇಟೆಯ ಗದ್ದಲದ ಮೇಲೆ ಕೇಳಬೇಕೆಂದು ಸಾಹೇಬರು ಸ್ಪೀಕರ್ ಹಾಕಿದ್ದರು.

“ಸಾಹೇಬ್ರೆ, ರಂಜಾನಿಗೆ ಖರ್ಜೂರ ಕಳ್ಸಿದ್ರಿ, ಚಲೋ ಇತ್ತು. ಇನ್ನು ಕಳ್ಸಬೇಡಿ.”

“ಯಾಕಮ್ಮ?”

“ತಿಂದ ಮೇಲೆ ಕುಡೂಕೆ ನೀರು ಬೇಕಲ್ರಾ? ನಮ್ಮ ಬಾವಿ ನೀರು ಮೂಗಿಗೆ ಹಿಡೂಕೆ ಆಗೂದಿಲ್ಲ. ನಿಮ್ಮ ಪೇಟೆ ಗಟಾರ ತಂದು ನಮ್ಮ ಕೇರಿಯೊಳಗೆ ಬಿಟ್ಟೀರಿ. ಕಲ್ಲಿನ ಸಂದಿಯಿಂದ ಇಳೀತದೆ ಅದು.”

“ನಾನು ಬಿಟ್ಟದ್ದಲ್ಲಮ್ಮ. ನಾನು ಅದಕ್ಕೆ ಒಪ್ಪಿದವನೇ ಅಲ್ಲ.”

“ಹಂಗಾರೆ ಪೇಪರಿನಾಗೆ ಎಲ್ಲಾ ಮೆಂಬರ್ರೂ ಒಪ್ಪಿದ್ರು ಅಂತ ಬಂದದ್ದು ಯಾರ ಸುದ್ದಿ? ಮಗ ಓದಿ ಹೇಳಿದಾನೆ ನಂಗೆ. ನೀವು ಮೆಂಬರಲ್ವಾ?”

ಸಾಹೇಬರು ಫೋನು ಇಟ್ಟು ನನ್ನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು. “ನೋಡಿ ನಿಮ್ಮ ಪೇಪರಿನವರ ಕೆಲಸ! ನಾನು ಹೋದ ಮೊದಲ ಸಭೆಯದು. ಊರ ಪೇಟೆಯ ಹೊಸ ಕಟ್ಟಡಗಳ ಗಟಾರದ ಲೈನು ಕೇರಿಯೊಳಗಿಂದ ಹೋಗ್ಲಿ ಅಂತ ವಿಷಯ ಬಂತು. ನನಗೆ ಸರಿ ಕಾಣ್ಲಿಲ್ಲ. ಒಪ್ಲಿಲ್ಲ ನಾನು. ಸುಳ್ಳು ಬರ್ದಿದ್ದಾರೆ.”

“ವಿರೋಧ ಅಂತ ಹೇಳಿದ್ರಾ?”

“ಅಧ್ಯಕ್ಷರು ‘ಯಾರದ್ದಾದರೂ ವಿರೋಧ ಉಂಟಾ?’ ಅಂತ ಕೇಳಿದ್ರು. ನಾನು ಬಾಯೇ ಬಿಡ್ಲಿಲ್ಲ. ಮುಖ ಈಚೆ ತಿರುಗಿಸಿ ಕೂತೆ.”

“ಹಾಗಾದ್ರೆ ವರದಿ ಸರಿ ಇದೆ ಸಾಹೇಬ್ರೆ.”

“ಎಂತದು ಸರಿ?”

“ಅವರು ಕೇಳಿದ್ದು ಬೇಡದವರು ಹೇಳಿ ಅಂತ. ನೀವು ಹೇಳ್ಲಿಲ್ಲ. ನಾನು ಡೆಸ್ಕಿನಲ್ಲಿದ್ರೂ ಸರ್ವಾನುಮತ ಅಂತಲೇ ಬಿಡ್ತಿದ್ದೆ.”

ಅವರು ನಡೆಯುವುದನ್ನು ನಿಲ್ಲಿಸಿದರು. ಕಪಾಟಿನ ಮೇಲಿದ್ದ ತಣ್ಣಗಿನ ಲೋಟ ಎತ್ತಿ, ಕುಡಿಯದೆ ಇಟ್ಟರು. “ಯಲ್ಲಾ, ಹೊರಡಿ, ನಿಮಗೆ ಆಫೀಸಿಗೆ ಹೊತ್ತಾಗ್ಲಿಲ್ವಾ?” ಎಂದರು. ಅಷ್ಟು ನೇರವಾಗಿ ಅವರು ಯಾರನ್ನೂ ಹೊರಗೆ ಕಳಿಸಿದ್ದಿಲ್ಲ. ಆಮೇಲೆ ಕೆಲವು ವಾರ ನನ್ನ ಫೋನು ಎತ್ತಲಿಲ್ಲ.

ಒಂದು ಶುಕ್ರವಾರ ತಾವೇ ಬಂದರು. ಕೈಯಲ್ಲಿ ಭಾಷಣವಿರಲಿಲ್ಲ. ನನ್ನ ಕೋಣೆ ಚಿಕ್ಕದು, ನಡೆಯಲು ಜಾಗವಿಲ್ಲ. ಕಿಟಕಿಯಿಂದ ಬಾಗಿಲಿಗೆ ಎರಡು ಹೆಜ್ಜೆ ಹಾಕಿ ತಿರುಗುತ್ತಿದ್ದರು. ಕೇರಿಗೆ ಜನ ಕಳಿಸಿ ವಿಚಾರಿಸಿದ್ದರು. ಬಾವಿಗಳೆಲ್ಲ ಕೆಟ್ಟಿದ್ದವು. ಹೆಂಗಸರು ಹೆದ್ದಾರಿ ದಾಟಿ ಕೊಡ ಹೊತ್ತು ತರುತ್ತಿದ್ದರು.

“ಬಾವಿಗೆ ನಾನೇ ಕೊಳೆ ಸುರಿದ ಹಾಗಾಯ್ತಲ್ಲ ಪೇಪರಿನವ್ರೇ,” ಎಂದರು. “ಬಾಯಿ ಮುಚ್ಚಿ ಕೂತೇ ಸುರಿದೆ.”

ಆ ಲೈನನ್ನು ಮುಚ್ಚಿಸಿ, ಹೊರಗಿನ ರಸ್ತೆಯ ಬದಿಯಲ್ಲಿ ಒಯ್ಯಲು ಮರುಪರಿಶೀಲನೆಗೆ ಅರ್ಜಿ ಕೊಟ್ಟಿದ್ದರು. ಸಭೆಯಲ್ಲಿ ಎರಡು ಕಡೆಯ ಬಲ ಹೆಚ್ಚುಕಡಿಮೆ ಸಮ. ಇವರ ಒಂದು ಮತ ಇಲ್ಲದಿದ್ದರೆ ವಿಷಯ ಬೀಳುತ್ತದೆ. ವ್ಯಾಪಾರದ ಗಡಿಬಿಡಿಯಲ್ಲಿ ಇವರು ಈಚಿನ ಸಭೆಗಳಿಗೆ ಸತತವಾಗಿ ಗೈರಾಗಿದ್ದುದರಿಂದ ಇದಕ್ಕೂ ಹೋಗದಿದ್ದರೆ ಸದಸ್ಯತ್ವವೇ ಹೋಗುತ್ತದೆ. ಸಭೆ ನಿಗದಿಯಾದದ್ದು ಖರ್ಜೂರದ ಹಂಗಾಮು ತುಂಬಿ ಹರಿಯುವ ವಾರದಲ್ಲಿ.

ಆ ವಾರಗಳ ಬಗ್ಗೆ ಬುರೈದಾದ ಹೊರಗಿನವರಿಗೆ ಹೇಳಬೇಕು. ವರ್ಷದ ಉಳಿದ ದಿನಗಳೆಲ್ಲ ಆ ಕೆಲವು ವಾರಗಳ ಮೇಲೆ ಬದುಕುತ್ತವೆ. ಆಗ ಪೇಟೆಯಲ್ಲಿ ಇಲ್ಲದ ವ್ಯಾಪಾರಿ ಸತ್ತವನಿಗೆ ಸಮಾನ. ಮುದುಕ ಕಫೀಲ ಅಷ್ಟರಲ್ಲಿ ತೀರಿಕೊಂಡಿದ್ದ. ಮಗನ ಮಾತು ಚಿಕ್ಕದಿತ್ತು, ಸಾಹೇಬರು ಅದನ್ನು ಕನ್ನಡಕ್ಕೆ ತಂದು ನನಗೆ ಹೇಳಿದರು: “ಹಂಗಾಮು ಬಿಟ್ಟು ಹೋದವನು ಅಂಗಡಿಯನ್ನೂ ಬಿಟ್ಟು ಹೋಗ್ಲಿ. ಬೇರೆಯವ್ರು ಕಾಯ್ತಾ ಇದ್ದಾರೆ.”

“ನೀವೇನಂದ್ರಿ?”

“ಸುಮ್ಮನಿದ್ದೆ.”

ಇಬ್ಬರಿಗೂ ನಗು ಬರಲಿಲ್ಲ.

ಹೊರಡುವ ಮುನ್ನಾದಿನ ಬೆಳಗಿನ ಹರಾಜಿಗೆ ನನ್ನನ್ನು ಕರೆದುಕೊಂಡು ಹೋದರು. ಟಿಕೆಟ್ ಮಾಡಿಸಿದ್ದರು, ಆದರೆ ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಇಲ್ಲ. ಗಾಡಿಯಿಂದ ಗಾಡಿಗೆ ಓಡಾಡಿದರು, ಯಾವ ಪೆಟ್ಟಿಗೆಯೊಳಗೂ ಕೈ ಇಳಿಸಲಿಲ್ಲ. ಕಫೀಲನ ಮಗ ಬಿಳಿ ನಿಲುವಂಗಿಯಲ್ಲಿ ಬಂದು ದೂರ ನಿಂತ. ಒಳ್ಳೆಯ ತೋಟದ ಸುಕ್ಕರಿ ಹರಾಜಿಗೆ ಬಂತು. ದಲ್ಲಾಳಿ ಅಭ್ಯಾಸದಂತೆ ಸಾಹೇಬರ ಹುಬ್ಬು ನೋಡಿದ. ಪಕ್ಕದಲ್ಲಿ ಆ ಮಾಲಿನ ರೈತ ನಿಂತಿದ್ದ.

ಸಾಹೇಬರು ಇಡೀ ಪೇಟೆಗೆ ಕೇಳುವ ಹಾಗೆ ಅರಬ್ಬಿಯಲ್ಲಿ, “ನನಗೆ ಬೇಡ!” ಎಂದರು.

ದಲ್ಲಾಳಿಯ ಕೂಗು ಅರ್ಧಕ್ಕೇ ನಿಂತಿತು. ರೈತ ತನ್ನ ಪೆಟ್ಟಿಗೆಗಳನ್ನೂ ಸಾಹೇಬರನ್ನೂ ನೋಡಿದ. ಸಾಹೇಬರು ಅವನ ಬಳಿಗೆ ಹೋಗಿ ಎರಡೂ ಕೈ ಹಿಡಿದುಕೊಂಡರು. ನಿನ್ನ ಹಣ್ಣು ಈ ಪೇಟೆಗೇ ಒಳ್ಳೆಯದು, ನನಗೆ ಇನ್ನು ಅಂಗಡಿ ಇಲ್ಲ, ಅದಕ್ಕೆ ಬೇಡ ಎಂದರು. ಆಮೇಲೆ ಕಫೀಲನ ಮಗನ ಬಳಿ ಹೋಗಿ ಅದನ್ನೇ ಹೇಳಿದರು. ಅವನು ತಲೆಯಾಡಿಸಿದ. ವಾದ ನಡೆಯಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಅವರು ಕಾಲು ಅಲುಗಾಡಿಸುತ್ತಲೇ ಇದ್ದರು. “ಒಂದು ಸಲ ಅಭ್ಯಾಸ ಮಾಡಿ ನೋಡ್ಬೇಕಿತ್ತು,” ಎಂದರು. “ಅಲ್ಲಿ ಹೋಗಿ ಬಾಯಿ ಕಟ್ಟಿದ್ರೆ?”

ಊರಿನ ಸಭೆಯಲ್ಲಿ ನಡೆದದ್ದನ್ನು ಅಲ್ಲಿದ್ದ ವರದಿಗಾರನೊಬ್ಬ ನನಗೆ ಹೇಳಿದ. ಅವನು ನನ್ನ ಹಳೆಯ ಸಹೋದ್ಯೋಗಿ, ಸೇರಿಸಿ ಹೇಳುವವನಲ್ಲ. ಅಧ್ಯಕ್ಷರು ಎದ್ದು ಮೊದಲ ವಿಷಯ ಓದಿ, “ಎಲ್ಲರ ಒಪ್ಪಿಗೆ ಇದೆಯಲ್ಲ?” ಎಂದ ಕೂಡಲೇ ಸಾಹೇಬರು ಧಡಕ್ಕನೆ ನಿಂತು, “ನನ್ನ ವಿರೋಧ ಉಂಟು!” ಎಂದು ಕೂಗಿದರು. ಅದು ಆಗಷ್ಟೇ ತೀರಿಕೊಂಡಿದ್ದ ಮಾಜಿ ಸದಸ್ಯರೊಬ್ಬರಿಗೆ ಸಂತಾಪ ಸೂಚಿಸುವ ನಿರ್ಣಯವಾಗಿತ್ತು.

ಸಭೆ ಬಿದ್ದು ಬಿದ್ದು ನಕ್ಕಿತು. “ಸಾಹೇಬ್ರೆ, ಸತ್ತವ್ರನ್ನೂ ಬಿಡೂದಿಲ್ವಾ?” ಎಂದು ಯಾರೋ ಕೇಳಿದರು. ಸಾಹೇಬರು ಕ್ಷಮೆ ಕೇಳಿದರು, ಆದರೆ ಕುಳಿತುಕೊಳ್ಳಲಿಲ್ಲ. ಕೂತರೆ ಮತ್ತೆ ಏಳಲಾರೆನೆಂಬ ಹೆದರಿಕೆ ಇದ್ದಿರಬೇಕು. ಗಟಾರದ ವಿಷಯ ಬರುವ ತನಕ ಗೋಡೆಗೆ ಒರಗಿ ನಿಂತೇ ಇದ್ದರು. ಬಂದಾಗ ಭಾಷಣ ಮಾಡಲಿಲ್ಲ. “ಹಿಂದಿನ ಸಲ ನಾನು ಸುಮ್ಮನೆ ಕೂತೆ. ಬೇಡ ಅಂತಲೇ ಕೂತದ್ದು. ನೀವು ಹೌದು ಅಂತ ಬರಕೊಂಡ್ರಿ, ತಪ್ಪು ನಿಮ್ಮದಲ್ಲ. ಈಗ ಬಾಯಿಬಿಟ್ಟು ಹೇಳ್ತಾ ಇದ್ದೇನೆ. ಆ ಲೈನು ಬೇಡ. ಕೇರಿಯ ಬಾವಿ ಹಾಳಾಗಿದೆ,” ಎಂದರು. ಲೈನು ಮುಚ್ಚುವ ನಿರ್ಣಯ ಒಂದು ಮತದ ಅಂತರದಿಂದ ಪಾಸಾಯಿತು.

ಅವರು ಬುರೈದಾಕ್ಕೆ ಮರಳಲಿಲ್ಲ. ರೀಎಂಟ್ರಿ ವೀಸಾದ ಅವಧಿ ಮುಗಿಯಿತು, ಅಂಗಡಿಗೆ ಬೇರೆಯವರು ಬಂದರು, ಗೋಡೆಗೆ ಹೊಸ ಬಣ್ಣ ಬಿತ್ತು. ಆ ಹಂಗಾಮು ಮುಗಿಯುವ ತನಕ ದಿನವೂ ಬೆಳಿಗ್ಗೆ ನನಗೆ ಫೋನು ಮಾಡಿ ಇವತ್ತು ಯಾವ ತೋಟದ್ದು ಬಂತು, ಯಾರು ಕೊಂಡರು ಎಂದು ಕೇಳುತ್ತಿದ್ದರು. ಗೆದ್ದವರ ದನಿ ಅದಾಗಿರಲಿಲ್ಲ. ಊರಿನಲ್ಲಿ ಖರ್ಜೂರದ ಸಣ್ಣ ಅಂಗಡಿ ಇಟ್ಟರು, ಅದು ಅಷ್ಟಾಗಿ ನಡೆಯಲಿಲ್ಲ. ಮುಂದಿನ ಚುನಾವಣೆಯಲ್ಲಿ ಮೊಹಲ್ಲಾದ ಸಭೆ ಇನ್ನೊಬ್ಬರ ಹೆಸರು ಹೇಳಿತು. ವಿರೋಧ ಹೇಳುವ ಸದಸ್ಯ ಯಾವ ಹಿರಿಯರಿಗೂ ಬೇಕಾಗಿರಲಿಲ್ಲ.

ಇದೆಲ್ಲ ಆಮೇಲಿನದು. ಅವರನ್ನು ನೆನೆದಾಗ ನನಗೆ ಮೊದಲು ಬರುವುದು ಲೈನು ಮುಚ್ಚಿದ ನಂತರದ ಒಂದು ವಿಡಿಯೋ ಕರೆ. ಬಾವಿಗಳ ಕೊಳೆನೀರು ಮೇಲೆತ್ತಿ ಚೆಲ್ಲಿ, ಸುಣ್ಣ ಹಾಕಿ, ಹೊಸ ಒರತೆಗೆ ಕಾದಿದ್ದರು. ನಾನು ಕಚೇರಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಸಾಹೇಬರು ಫೋನನ್ನು ಬಾವಿಯ ಮೇಲೆ ಹಿಡಿದಿದ್ದರು. ನಾಗಮ್ಮ ಕೊಡಪಾನ ಎಳೆದು, ಬೊಗಸೆಯಲ್ಲಿ ತೆಗೆದು ಮೊದಲು ಮೂಸಿದಳು. ಆಮೇಲೆ ಬಾಯಿಗೆ ಹಾಕಿಕೊಂಡಳು. ಅವಳು ನುಂಗುವವರೆಗೂ ಸಾಹೇಬರು ಕದಲಲಿಲ್ಲ. ಅವರು ಅಷ್ಟು ಹೊತ್ತು ನಿಂತಲ್ಲೇ ನಿಂತದ್ದನ್ನು ನಾನು ಮತ್ತೆ ಕಂಡಿಲ್ಲ.

“ವಾಸ್ನೆ ಹೋಯ್ತು,” ಎಂದಳು ನಾಗಮ್ಮ. ಮತ್ತೊಂದು ಗುಟುಕು ಕುಡಿದಳು. “ಆದ್ರೆ ಉಪ್ಪು ಉಂಟು ಸಾಹೇಬ್ರೆ.”

“ಉಪ್ಪು ಸಮುದ್ರದ್ದು ಮಾರಾಯ್ತಿ. ಅದು ನನ್ನ ವಾರ್ಡಿಗೆ ಬರೂದಿಲ್ಲ.”

ಅವಳು ನಕ್ಕದ್ದು ಕೇಳಿಸಿತು. ಪರದೆಯಲ್ಲಿ ಆಕಾಶ ಕಂಡಿತು, ಆಮೇಲೆ ಒದ್ದೆ ಮರಳು, ಚಪ್ಪಲಿ, ಲುಂಗಿಯ ಅಂಚು. ಕರೆ ಕಡಿಯುವುದನ್ನು ಮರೆತು ಅವರು ನಡೆಯತೊಡಗಿದ್ದರು. ಒಂದು ಬಾಗಿಲು ತಟ್ಟಿದ ಸದ್ದಾಯಿತು.

“ಯಾರದು?” ಒಳಗಿನಿಂದ ಹೆಂಗಸಿನ ದನಿ.

“ನಾನಮ್ಮ. ನಿಮ್ಮ ಬಾವಿ ನೋಡ್ಬೇಕಿತ್ತು.”